ನೇಪಾಳ, ಭೂತಾನ್, ಸಿಕ್ಕಿಂ: ಒಂದೇ ಗುಂಪು ಪ್ರವಾಸದಲ್ಲಿ ಹಿಮಾಲಯ ನೋಡಲು ಹೊರಡುವವರಿಗೆ

ಕಠ್ಮಂಡು, ಪಾರೊ, ತಿಂಫು, ಗ್ಯಾಂಗ್‌ಟಾಕ್, ಡಾರ್ಜಿಲಿಂಗ್‌ಗಳನ್ನು ಹತ್ತು ಹನ್ನೆರಡು ದಿನಗಳಲ್ಲಿ ತೋರಿಸಿಕೊಂಡು ಬರುವ ಗುಂಪು ಪ್ರವಾಸಗಳ ಜಾಹೀರಾತುಗಳು ಬೇಸಿಗೆ ರಜೆಗೂ ದಸರೆಗೂ ಮುನ್ನ ಬೆಂಗಳೂರಿನಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತವೆ. ನಾನು ಈ ಮಾರ್ಗದಲ್ಲಿ ಎರಡು ಬಾರಿ ಹೋಗಿ ಬಂದಿದ್ದೇನೆ, ಎರಡು ಬಾರಿಯೂ ವಯಸ್ಸಾದ ತಾಯಿಯವರನ್ನು ಕರೆದುಕೊಂಡು. ಮೊದಲ ಬಾರಿ ಪಟ್ಟ ಕಷ್ಟಗಳಲ್ಲಿ ಹೆಚ್ಚಿನವು ಹಣ ಕಟ್ಟುವ ಮೊದಲೇ ದಿನಚರಿಯ ಹಾಳೆಯನ್ನು ಸರಿಯಾಗಿ ಓದಿದ್ದರೆ ತಪ್ಪಿಹೋಗುತ್ತಿದ್ದವು. ಆದ್ದರಿಂದ ಆ ಹಾಳೆಯನ್ನು ಹೇಗೆ ಓದಬೇಕು ಎಂಬುದರಿಂದಲೇ ಆರಂಭಿಸುತ್ತೇನೆ.

ದಿನಚರಿಯನ್ನು ಓದುವ ಬಗೆ

ಪ್ರವಾಸ ಸಂಸ್ಥೆಯವರು ಕೊಡುವ ಹಾಳೆಯಲ್ಲಿ ಸಾಮಾನ್ಯವಾಗಿ ನೋಡುವ ಸ್ಥಳಗಳ ಹೆಸರುಗಳಷ್ಟೇ ಇರುತ್ತವೆ. ನೀವು ಬೇರೊಂದು ಹಾಳೆ ತೆಗೆದುಕೊಂಡು ಪ್ರತಿ ದಿನಕ್ಕೂ ಮೂರು ವಿಷಯಗಳನ್ನು ಬರೆದುಕೊಳ್ಳಿ: ಅಂದು ರಾತ್ರಿ ಮಲಗುವ ಊರಿನ ಎತ್ತರ, ಹಗಲಿನಲ್ಲಿ ಏರುವ ಅತಿ ಹೆಚ್ಚಿನ ಎತ್ತರ, ರಸ್ತೆಯಲ್ಲಿ ಕಳೆಯುವ ಗಂಟೆಗಳು. ಕಠ್ಮಂಡು ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್, ಪೋಖರಾ ಸುಮಾರು 820, ಪಾರೊ ಮತ್ತು ತಿಂಫು 2,200ರಿಂದ 2,350ರ ಆಸುಪಾಸು, ಗ್ಯಾಂಗ್‌ಟಾಕ್ ಸುಮಾರು 1,650, ಡಾರ್ಜಿಲಿಂಗ್ ಸುಮಾರು 2,050 ಮೀಟರ್ ಎತ್ತರದಲ್ಲಿವೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುವುದರಿಂದ ಈ ಊರುಗಳಲ್ಲಿ ಮಲಗುವುದಕ್ಕೆ ಭಯವೇನೂ ಇಲ್ಲ. ತೊಂದರೆ ಇರುವುದು ಹಗಲಿನ ಏರುವಿಕೆಯಲ್ಲಿ. ಭೂತಾನಿನ ದೋಚುಲಾ ಕಣಿವೆದಾರಿ 3,100 ಮೀಟರ್, ಟಾಕ್ಟ್‌ಸಾಂಗ್ ಮಠ 3,120, ಸಿಕ್ಕಿಂನ ಸೊಂಗ್ಮೊ ಸರೋವರ 3,750, ಚೀನಾ ಗಡಿಯ ನಾಥುಲಾ ಕಣಿವೆದಾರಿ 4,310 ಮೀಟರ್ ಎತ್ತರದಲ್ಲಿದ್ದು, ಉತ್ತರ ಸಿಕ್ಕಿಂನ ಗುರುಡೊಂಗ್ಮಾರ್ ಸರೋವರ 5,000 ಮೀಟರನ್ನೂ ದಾಟುತ್ತದೆ. ಇವು ಏರುತ್ತಾ ಹೋಗುವ ಕ್ರಮದಲ್ಲಿ ಬರುತ್ತವೆಯೇ, ದೊಡ್ಡ ಏರಿಕೆಯ ಹಿಂದಿನ ದಿನ ದೇಹಕ್ಕೆ ವಿಶ್ರಾಂತಿ ಸಿಗುತ್ತದೆಯೇ ಎಂಬುದನ್ನು ನೋಡಿ. ಕಠ್ಮಂಡುವಿನಿಂದ ಆರಂಭಿಸಿ, ಭೂತಾನಿನಲ್ಲಿ ನಾಲ್ಕೈದು ರಾತ್ರಿ ಕಳೆದು, ಕೊನೆಗೆ ಸಿಕ್ಕಿಂಗೆ ಬರುವ ಮಾರ್ಗ ಈ ದೃಷ್ಟಿಯಿಂದ ಒಳ್ಳೆಯದು.

ರಸ್ತೆಯ ಗಂಟೆಗಳ ವಿಷಯದಲ್ಲಿ ನಮಗಾದದ್ದನ್ನು ಹೇಳುತ್ತೇನೆ. ನಮ್ಮ ಮೊದಲ ಪ್ರವಾಸದ ಹಾಳೆಯಲ್ಲಿ ಏಳನೆಯ ದಿನಕ್ಕೆ ‘ಪಾರೊದಿಂದ ಗ್ಯಾಂಗ್‌ಟಾಕ್‌ಗೆ ಪ್ರಯಾಣ’ ಎಂಬ ಒಂದೇ ಸಾಲಿತ್ತು. ಆ ಒಂದು ಸಾಲಿನೊಳಗೆ ಪಾರೊದಿಂದ ಗಡಿಯ ಫುಂಟ್‌ಶೋಲಿಂಗ್‌ವರೆಗೆ ನಾಲ್ಕೈದು ಗಂಟೆಗಳ ಘಟ್ಟದ ರಸ್ತೆ, ಅಲ್ಲಿ ವಲಸೆ ಕಚೇರಿಯ ಕೆಲಸ, ಗಡಿಯ ಈಚೆ ಭಾರತದ ಜೈಗಾಂವ್‌ನಲ್ಲಿ ಸಾಮಾನುಗಳನ್ನೆಲ್ಲ ಇಳಿಸಿ ಬೇರೆ ವಾಹನಕ್ಕೆ ಏರಿಸುವುದು, ದುವಾರ್ಸ್‌ನ ಚಹಾ ತೋಟಗಳ ನಡುವೆ ಉದ್ದನೆಯ ಬಯಲು ದಾರಿ, ಬಳಿಕ ತೀಸ್ತಾ ನದಿಯ ದಂಡೆ ಹಿಡಿದು ಮತ್ತೆ ಘಟ್ಟ, ಇಷ್ಟೆಲ್ಲ ಅಡಗಿದ್ದವು. ಬೆಳಗ್ಗೆ ಆರಕ್ಕೆ ಹೊರಟ ನಾವು ಗ್ಯಾಂಗ್‌ಟಾಕ್ ಮುಟ್ಟಿದಾಗ ರಾತ್ರಿ ಹನ್ನೊಂದೂವರೆಯಾಗಿತ್ತು. ಹೋಟೆಲಿನ ಅಡುಗೆಮನೆ ಬಾಗಿಲು ಹಾಕಿತ್ತು. ತಾಯಿಯವರು ಮನೆಯಿಂದ ತಂದಿದ್ದ ಪೇಪರ್ ಅವಲಕ್ಕಿಯ ಡಬ್ಬಿಯನ್ನು ಮಂಚದ ಮೇಲೆ ತೆರೆದಿಟ್ಟರು. ಪಕ್ಕದ ಕೋಣೆಯ ದಂಪತಿಗಳೂ ಬಂದು ಕೈ ಒಡ್ಡಿದರು. ಮರುದಿನ ಬೆಳಗ್ಗೆ ಏಳಕ್ಕೇ ನಾಥುಲಾಗೆ ಹೊರಡಿಸಿದರು. ನಿದ್ದೆಯಿಲ್ಲದ, ಸರಿಯಾಗಿ ನೀರನ್ನೂ ಕುಡಿಯದ ದೇಹ ಕೆಲವೇ ಗಂಟೆಗಳಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಏರಿದರೆ ಆಗಬೇಕಾದದ್ದೇ ಆಯಿತು: ಸೊಂಗ್ಮೊ ಹತ್ತಿರವೇ ತಾಯಿಯವರಿಗೆ ತಲೆನೋವು ಶುರುವಾಗಿ, ಎರಡು ಬಾರಿ ವಾಂತಿಯಾಯಿತು. ಸ್ಥಳೀಯ ಮಾರ್ಗದರ್ಶಿ ಒಂದು ಮಾತನ್ನೂ ಆಡದೆ ಗುಂಪನ್ನು ಇನ್ನೊಂದು ವಾಹನಕ್ಕೆ ಹತ್ತಿಸಿ, ನಮ್ಮಿಬ್ಬರನ್ನು ಅದೇ ಗಾಡಿಯಲ್ಲಿ ಕೆಳಗೆ ಕರೆತಂದರು. ಗ್ಯಾಂಗ್‌ಟಾಕ್ ತಲುಪುವಷ್ಟರಲ್ಲಿ ತಲೆನೋವು ಅರ್ಧಕ್ಕರ್ಧ ಇಳಿದಿತ್ತು. ಆ ಹುಡುಗನ ಸಮಯಪ್ರಜ್ಞೆಗೆ ನಾನು ಇಂದಿಗೂ ಕೃತಜ್ಞ.

ಆದ್ದರಿಂದ ಗಡಿ ದಾಟುವ ದಿನವನ್ನು ನೋಡುವ ದಿನವೆಂದು ಲೆಕ್ಕಕ್ಕೆ ಹಿಡಿಯಬೇಡಿ. ಫುಂಟ್‌ಶೋಲಿಂಗ್‌ನಲ್ಲೋ ಸಿಲಿಗುರಿಯಲ್ಲೋ ಒಂದು ರಾತ್ರಿ ತಂಗುವಂತೆ ಕೇಳಿ, ಅದಕ್ಕಾಗಿ ಪಟ್ಟಿಯಿಂದ ಒಂದು ಸ್ಥಳವನ್ನು ಕೈಬಿಡಬೇಕಾದರೆ ಕೈಬಿಡಿ. ಗ್ಯಾಂಗ್‌ಟಾಕ್‌ನಲ್ಲಿ ನಾಥುಲಾಗೆ ಮುನ್ನ ಒಂದು ಇಡೀ ದಿನ ಸುಮ್ಮನೆ ಊರಿನಲ್ಲಿರುವಂತೆ ನೋಡಿಕೊಳ್ಳಿ. ಸೋಮವಾರ ಮತ್ತು ಮಂಗಳವಾರ ನಾಥುಲಾಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಳೆಯಲ್ಲಿ ಆ ದಿನಗಳಂದು ನಾಥುಲಾ ಎಂದು ಬರೆದಿದ್ದರೆ ಅದನ್ನು ಸಿದ್ಧಪಡಿಸಿದವರು ಆ ದಾರಿಯನ್ನು ಬಲ್ಲವರಲ್ಲ ಎಂದೇ ತಿಳಿಯಬೇಕು.

ಗುರುತಿನ ಪತ್ರಗಳು

ಭಾರತೀಯ ಪ್ರಜೆಗಳಿಗೆ ನೇಪಾಳಕ್ಕಾಗಲಿ ಭೂತಾನಿಗಾಗಲಿ ವೀಸಾ ಬೇಕಿಲ್ಲ. ಆದರೆ ಎರಡೂ ದೇಶಗಳು ವಯಸ್ಕರಿಂದ ಕೇಳುವುದು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನು. ಆಧಾರ್ ಒಂದನ್ನೇ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ನೇಪಾಳಕ್ಕೆ ಹೋಗುವಾಗ ಹದಿನೈದು ವರ್ಷದೊಳಗಿನವರಿಗೂ ಅರವತ್ತೈದು ದಾಟಿದವರಿಗೂ ಇದರಲ್ಲಿ ಸ್ವಲ್ಪ ವಿನಾಯಿತಿ ಇದೆ, ಭೂತಾನಿನಲ್ಲಿ ಆಧಾರ್ ನಡೆಯುವುದಿಲ್ಲ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಇದ್ದರೆ ಯಾವ ಪ್ರಶ್ನೆಯೂ ಏಳುವುದಿಲ್ಲ. ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ: ಟಿಕೆಟ್ಟಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಮತದಾರರ ಚೀಟಿಯಲ್ಲಿ ಮತ್ತೊಂದು ಕಾಗುಣಿತ ಎಂಬ ಸ್ಥಿತಿ ನಮ್ಮಲ್ಲಿ ಸಾಮಾನ್ಯ. ಯಾವ ಪತ್ರವನ್ನು ಗಡಿಯಲ್ಲಿ ತೋರಿಸುತ್ತೀರೋ ಅದರಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಟಿಕೆಟ್‌ಗೂ ಭೂತಾನಿನ ಪ್ರವೇಶ ಪರವಾನಗಿಗೂ ಕೊಡಿ.

ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬಂದ ಮಕ್ಕಳು ಮೊಮ್ಮಕ್ಕಳೊಂದಿಗೆ ಹೊರಡುವ ಕುಟುಂಬಗಳು ಇನ್ನೂ ಎಚ್ಚರದಿಂದಿರಬೇಕು. ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಭಾರತಕ್ಕೆ ಮರಳಿ ಬರಲು ಬೇಕೇ ಬೇಕು, ಆದರೆ ನೇಪಾಳ ಮತ್ತು ಭೂತಾನ್ ನೋಡುವುದು ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು ಮಾತ್ರ. ವಿದೇಶಿ ಪಾಸ್‌ಪೋರ್ಟಿನವರು ಭೂತಾನಿಗೆ ಮುಂಚಿತವಾಗಿ ವೀಸಾ ಪಡೆಯಬೇಕು. ಅಲ್ಲಿ ಸುಸ್ಥಿರ ಅಭಿವೃದ್ಧಿ ಶುಲ್ಕವೆಂದು ರಾತ್ರಿಯೊಂದಕ್ಕೆ ಭಾರತೀಯರಿಂದ 1,200 ರೂಪಾಯಿ ಪಡೆದರೆ, ಇತರ ವಿದೇಶೀಯರಿಗೆ 2023ರ ಸೆಪ್ಟೆಂಬರಿನಿಂದ 100 ಡಾಲರ್ ನಿಗದಿಯಾಗಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದರ ಅರ್ಧ. ಸಿಕ್ಕಿಂ ಪ್ರವೇಶಿಸಲು ಇಂಥವರಿಗೆ ಪ್ರತ್ಯೇಕ ಪರವಾನಗಿ ಬೇಕು, ನಾಥುಲಾಗೆ ವಿದೇಶೀಯರನ್ನು ಬಿಡುವುದೇ ಇಲ್ಲ. ಅಜ್ಜ ಅಜ್ಜಿ ಮೇಲೆ ಹೋಗಿ ಮೊಮ್ಮಕ್ಕಳು ಗ್ಯಾಂಗ್‌ಟಾಕ್‌ನಲ್ಲೇ ಉಳಿಯಬೇಕಾದ ಪ್ರಸಂಗ ನಮ್ಮ ಗುಂಪಿನಲ್ಲೇ ಒದಗಿತ್ತು. ಇದನ್ನು ಬುಕ್ಕಿಂಗ್ ಮಾಡುವಾಗಲೇ ಹೇಳಬಹುದಾಗಿತ್ತು.

ಮಾರ್ಗದರ್ಶಿಯ ಬಗ್ಗೆ ಕೇಳಬೇಕಾದದ್ದು

‘ಪೂರ್ತಿ ಮಾರ್ಗದರ್ಶಿ ಸಹಿತ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೂ ಮೂರು ಕಡೆಗೂ ಒಬ್ಬರೇ ಮಾರ್ಗದರ್ಶಿ ಬರುವುದಿಲ್ಲ. ಭೂತಾನಿನಲ್ಲಿ ಪಾರೊ ಮತ್ತು ತಿಂಫು ದಾಟಿ ಮುಂದೆ ಹೋಗಬೇಕಾದರೆ ಅಲ್ಲಿಯ ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿರಲೇಬೇಕು. ಗಡಿಯಲ್ಲಿ ಆತ ಕೈಮುಗಿದು ಹಿಂದಿರುಗುತ್ತಾನೆ, ಆಚೆ ಬದಿಯಲ್ಲಿ ಇನ್ನೊಬ್ಬ ಚಾಲಕ ಕಾಯುತ್ತಿರುತ್ತಾನೆ. ಈ ಎರಡು ಕೈಗಳ ನಡುವಿನ ಹೊತ್ತಿನಲ್ಲಿ ಜವಾಬ್ದಾರಿ ಯಾರದು ಎಂದು ಕೇಳಿ ಬರವಣಿಗೆಯಲ್ಲೇ ಪಡೆದುಕೊಳ್ಳಿ. ಬೆಂಗಳೂರಿನಿಂದಲೇ ಗುಂಪಿನ ಜೊತೆಗೆ ಒಬ್ಬರು ವ್ಯವಸ್ಥಾಪಕರು ಬರುತ್ತಾರೆಯೇ, ಊಟ ತಿಂಡಿ ಯಾವ ದಿನ ಸೇರಿದೆ ಯಾವ ದಿನ ಇಲ್ಲ, ಒಬ್ಬರಿಗೆ ಆರೋಗ್ಯ ಕೆಟ್ಟರೆ ಅವರನ್ನು ಕೆಳಗಿಳಿಸಲು ಬೇರೆ ವಾಹನ ಇರುತ್ತದೆಯೇ, ಭೂತಾನಿನ ಶುಲ್ಕ ಮತ್ತು ವಿದೇಶ ಪ್ರವಾಸಕ್ಕೆ ಸಂಗ್ರಹಿಸುವ ಟಿಸಿಎಸ್ ತೆರಿಗೆ ಒಟ್ಟು ಮೊತ್ತದಲ್ಲಿ ಸೇರಿವೆಯೇ ಎಂಬುದನ್ನೂ ಕೇಳಿ. ಟಿಸಿಎಸ್ ಕಟ್ಟಿದ ಹಣ ನಿಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಜಮೆಯಾಗುವುದರಿಂದ ರಸೀದಿಯನ್ನು ಜೋಪಾನವಾಗಿಡಿ.

ಒಳ್ಳೆಯ ಮಾರ್ಗದರ್ಶಿ ಸಿಕ್ಕಾಗ ಅವರ ಮಾತು ದಕ್ಕಬೇಕಾದರೆ ನಮ್ಮ ಕಡೆಯಿಂದಲೂ ಸ್ವಲ್ಪ ಸಿದ್ಧತೆ ಬೇಕು. ಕನ್ನಡಿಗರಿಗೆ ಇದಕ್ಕೊಂದು ಸುಲಭದ ದಾರಿಯಿದೆ. ಹೊರಡುವ ಮೊದಲು ಒಂದು ಭಾನುವಾರ ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋಗಿ ಬನ್ನಿ. ಅಲ್ಲಿಯ ಚಿನ್ನದ ಬಣ್ಣದ ಮೂರು ಬೃಹತ್ ಮೂರ್ತಿಗಳಲ್ಲಿ ಒಂದು ಬೌದ್ಧ ಗುರು ಪದ್ಮಸಂಭವರದು. ಹುಲಿಯ ಬೆನ್ನೇರಿ ಹಾರಿ ಬಂದು ಟಾಕ್ಟ್‌ಸಾಂಗ್‌ನ ಗವಿಯಲ್ಲಿ ಧ್ಯಾನ ಮಾಡಿದರೆಂದು ಭೂತಾನಿನವರು ನಂಬುವುದು ಅವರನ್ನೇ. ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತುವುದು, ಪ್ರಾರ್ಥನಾ ಚಕ್ರವನ್ನು ತಿರುಗಿಸುವ ದಿಕ್ಕು, ಪೂಜೆ ನಡೆಯುವಾಗ ಎಲ್ಲಿ ಕೂರಬೇಕು ಎಂಬುದೆಲ್ಲ ಅಲ್ಲೇ ರೂಢಿಯಾಗುತ್ತದೆ. ಕಠ್ಮಂಡುವಿನ ಪಶುಪತಿನಾಥನೂ ನಮಗೆ ಪರಕೀಯನಲ್ಲ. ಗರ್ಭಗುಡಿಯ ಪೂಜೆ ಮಾಡುವ ಭಟ್ಟರನ್ನು ದಕ್ಷಿಣ ಭಾರತದಿಂದ, ಮುಖ್ಯವಾಗಿ ಕರ್ನಾಟಕದಿಂದ, ಕರೆಸಿಕೊಳ್ಳುವ ಪದ್ಧತಿ ಅಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಮುಖ್ಯ ದೇವಾಲಯಕ್ಕೆ ಹಿಂದೂಗಳಿಗೆ ಮಾತ್ರ ಪ್ರವೇಶ, ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ಚರ್ಮದ ಬೆಲ್ಟು ಪರ್ಸುಗಳನ್ನು ಹೊರಗೆ ಬಿಡಬೇಕು. ಬೆಳಗ್ಗೆ ದರ್ಶನ ಮುಗಿಸಿ, ಸಂಜೆ ಬಾಗ್ಮತಿ ತೀರದ ಆರತಿಗೆ ಮತ್ತೊಮ್ಮೆ ಹೋಗುವಷ್ಟು ಬಿಡುವನ್ನು ಕಠ್ಮಂಡುವಿಗೆ ಕೊಡಿ.

ಟಾಕ್ಟ್‌ಸಾಂಗ್ ಏರುವ ದಿನ

ಇಡೀ ಪ್ರವಾಸದಲ್ಲಿ ನಿಜವಾಗಿ ಕಾಲಿಗೆ ಕೆಲಸ ಕೊಡುವ ದಿನ ಇದೊಂದೇ. 1692ರಲ್ಲಿ ಕಟ್ಟಿದ, 1998ರ ಬೆಂಕಿಯ ನಂತರ ಪುನಃ ಕಟ್ಟಿಸಿದ ಈ ಮಠ ಪಾರೊ ಕಣಿವೆಯ ನೆಲದಿಂದ ಸುಮಾರು 900 ಮೀಟರ್ ಮೇಲೆ ಬಂಡೆಗೆ ಅಂಟಿಕೊಂಡಂತಿದೆ. ಹೋಗಿ ಬರಲು ಐದಾರು ಗಂಟೆ ಬೇಕು. ಇದನ್ನು ಭೂತಾನಿನ ಮೊದಲ ದಿನಕ್ಕೆ ಇಟ್ಟಿದ್ದರೆ ಕೊನೆಯ ದಿನಕ್ಕೆ ಬದಲಾಯಿಸಿಕೊಳ್ಳಿ. ತಿಂಫುವಿನಲ್ಲಿ ಎರಡು ರಾತ್ರಿ, ದೋಚುಲಾ ದಾಟಿ ಪುನಾಖಾದಲ್ಲಿ ಒಂದು ರಾತ್ರಿ ಕಳೆದ ಮೇಲೆ ಉಸಿರು ತಾನಾಗಿ ಹೊಂದಿಕೊಂಡಿರುತ್ತದೆ. ಕುದುರೆಗಳು ಅರ್ಧ ದಾರಿಯ ಉಪಾಹಾರ ಗೃಹದವರೆಗೆ ಮಾತ್ರ ಹೋಗುತ್ತವೆ, ಅದೂ ಏರುವಾಗ ಮಾತ್ರ. ಅಲ್ಲಿಂದ ಮುಂದೆ ನಡಿಗೆ, ಕೊನೆಯಲ್ಲಿ ನೂರಾರು ಮೆಟ್ಟಿಲು ಇಳಿದು ಜಲಪಾತದ ಸೇತುವೆ ದಾಟಿ ಮತ್ತೆ ಹತ್ತಬೇಕು. ಎರಡನೆಯ ಪ್ರವಾಸದಲ್ಲಿ ತಾಯಿಯವರು ಆ ಉಪಾಹಾರ ಗೃಹದ ಅಂಗಳದಲ್ಲೇ ಕುಳಿತುಬಿಟ್ಟರು. ಎದುರಿಗೆ ಬಂಡೆಯ ಮೈಯಲ್ಲಿ ಮಠ ಅಂಗೈಯಗಲ ಕಾಣುತ್ತಿತ್ತು, ಕೈಯಲ್ಲಿ ಬಿಸಿ ಚಹಾ ಇತ್ತು, ನಡುವಿನ ಕಮರಿಯ ಮೇಲೆ ಮೋಡ ಬಂದು ಹೋಗಿ ಮಾಡುತ್ತಿತ್ತು. ಮೊಣಕಾಲು ನೋವಿರುವವರಿಗೆ ಅಷ್ಟರಲ್ಲೇ ಯಾತ್ರೆ ಪೂರ್ಣವಾದಂತೆ ಎಂದು ನಾನು ಧಾರಾಳವಾಗಿ ಹೇಳುತ್ತೇನೆ. ಮಠದೊಳಗೆ ಹೋಗುವವರು ಪೂರ್ಣ ತೋಳಿನ ಅಂಗಿ ಧರಿಸಿರಬೇಕು, ಮೊಬೈಲು ಚೀಲಗಳನ್ನು ಹೊರಗಿನ ಕಪಾಟಿನಲ್ಲಿಡಬೇಕು.

ಆರೋಗ್ಯ, ಹಣ, ಋತು

ರಕ್ತದೊತ್ತಡ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ತಿಂಗಳ ಮೊದಲೇ ನಾಥುಲಾ, ಗುರುಡೊಂಗ್ಮಾರ್‌ಗಳ ಎತ್ತರವನ್ನು ಹೆಸರಿಸಿ ವೈದ್ಯರನ್ನು ಕೇಳಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಎಲ್ಲರೂ ಒಬ್ಬರಿಗೊಬ್ಬರು ಹಂಚಿಕೊಳ್ಳುವುದನ್ನು ಬಸ್ಸಿನಲ್ಲಿ ಕಂಡಿದ್ದೇನೆ. ಸಲ್ಫಾ ಔಷಧ ಒಗ್ಗದವರಿಗೆ ಅದರಿಂದ ಅಪಾಯವಾಗಬಹುದು, ವೈದ್ಯರ ಮಾತಿಲ್ಲದೆ ನುಂಗಬಾರದು. ತಲೆನೋವು, ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಕುಳಿತಲ್ಲೇ ಏದುಸಿರು, ತಡೆಯಿಲ್ಲದ ಕೆಮ್ಮು, ತೂರಾಡುವ ನಡಿಗೆ, ಮಾತು ತೊದಲುವುದು ಕಂಡರೆ ತಡಮಾಡದೆ ಕೆಳಗಿಳಿಸಿ ಆಸ್ಪತ್ರೆಗೆ ಒಯ್ಯಬೇಕು. ಊರಿನ ಸಾಮಾನ್ಯ ಆರೋಗ್ಯ ವಿಮೆ ಹೊರದೇಶದಲ್ಲಿ ಕೆಲಸಕ್ಕೆ ಬರುವುದು ಅಪರೂಪ. ಪ್ರವಾಸ ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಿ.

ಭೂತಾನಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ನೇಪಾಳದ 1.60 ರೂಪಾಯಿ ನಮ್ಮ ಒಂದು ರೂಪಾಯಿಗೆ ಸಮ. ನೇಪಾಳದಲ್ಲಿ ದೊಡ್ಡ ಭಾರತೀಯ ನೋಟುಗಳ ಬಗೆಗಿನ ನಿಯಮ ಆಗಾಗ ಬದಲಾಗಿರುವುದರಿಂದ ನೂರರ ನೋಟುಗಳನ್ನು ಒಯ್ಯುವುದು ಕ್ಷೇಮ. ಯುಪಿಐ ಎರಡೂ ದೇಶಗಳಲ್ಲಿ ಹಲವೆಡೆ ನಡೆಯುತ್ತದೆ, ಆದರೆ ಘಟ್ಟದ ರಸ್ತೆಯ ಚಹಾ ಅಂಗಡಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಗಡಿಯಾರವನ್ನೂ ಗಮನಿಸಿ: ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ, ಭೂತಾನ್ ಅರ್ಧ ಗಂಟೆ ಮುಂದೆ.

ಶಿಖರಗಳನ್ನು ನೋಡುವ ಆಸೆಯಿದ್ದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗಿನ ಆರು ವಾರಗಳಿಗೆ ಸಾಟಿಯಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೂವುಗಳು ಚೆನ್ನ, ಮಬ್ಬು ಹೆಚ್ಚು. ನಮ್ಮ ನವರಾತ್ರಿಯ ಹೊತ್ತಿಗೇ ನೇಪಾಳದ ದಶೈಂ ಹಬ್ಬ ಬರುವುದರಿಂದ ಕಚೇರಿಗಳು ಮುಚ್ಚಿ ವಿಮಾನಗಳು ತುಂಬಿರುತ್ತವೆ; ದಸರಾ ರಜೆಯಲ್ಲೇ ಹೋಗಬೇಕೆನ್ನುವವರು ಬಹಳ ಮೊದಲೇ ಟಿಕೆಟ್ ಮಾಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾರ್ಗವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. 2023ರ ಅಕ್ಟೋಬರ್ 4ರಂದು ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಹಿಮಸರೋವರ ಒಡೆದು ತೀಸ್ತಾ ಉಕ್ಕಿ ಹರಿದಾಗ ಕಣಿವೆಯ ರಸ್ತೆ, ಸೇತುವೆಗಳು ಕೊಚ್ಚಿಹೋದವು. ಆ ದಂಡೆಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಕುಸಿತ ಸಾಮಾನ್ಯ. ಟಿಬೆಟ್ಟನ್ನೂ ಇದೇ ಪ್ರವಾಸಕ್ಕೆ ಸೇರಿಸುವ ಆಮಿಷಕ್ಕೆ ಒಳಗಾಗಬೇಡಿ. ಅದಕ್ಕೆ ಚೀನಾದ ವೀಸಾ, ಪ್ರತ್ಯೇಕ ಪರವಾನಗಿ, ಪಾಸ್‌ಪೋರ್ಟ್ ಎಲ್ಲವೂ ಬೇಕು, ಮತ್ತು ಕಠ್ಮಂಡುವಿನಿಂದ ವಿಮಾನವೇರಿದವರು ಒಂದೇ ಜಿಗಿತಕ್ಕೆ 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ಇಳಿಯುತ್ತಾರೆ.

ಕಠ್ಮಂಡುವಿನಿಂದ ಪಾರೊಗೆ ಹಾರುವಾಗ ಎಡಬದಿಯ ಕಿಟಕಿಯ ಆಸನ ಕೇಳಿ ಪಡೆಯಿರಿ. ಮೋಡವಿಲ್ಲದ ದಿನ ಎವರೆಸ್ಟ್ ಆ ಬದಿಯಲ್ಲೇ ಕಾಣುತ್ತದೆ. ಪಾರೊಗೆ ವಿಮಾನಗಳು ಹಗಲು ಬೆಳಕಿನಲ್ಲಿ ಮಾತ್ರ ಇಳಿಯುವುದರಿಂದ ಹವಾಮಾನ ಕೆಟ್ಟರೆ ಮರುದಿನಕ್ಕೆ ಹೋಗುವುದುಂಟು. ಹಾಗಾಗಿ ಮರಳುವ ಟಿಕೆಟ್ಟನ್ನು ಬಿಗಿಯಾಗಿ ಹೆಣೆಯಬೇಡಿ. ಗ್ಯಾಂಗ್‌ಟಾಕ್‌ನಿಂದ ಬಾಗ್ಡೋಗ್ರಾ ವಿಮಾನ ನಿಲ್ದಾಣಕ್ಕೆ ಸಾಮಾನ್ಯ ದಿನದಲ್ಲೇ ನಾಲ್ಕೈದು ಗಂಟೆ ಬೇಕು. ಎರಡನೆಯ ಬಾರಿ ನಾವು ಕೊನೆಯ ರಾತ್ರಿಯನ್ನು ಸಿಲಿಗುರಿಗೆ ಇಟ್ಟುಕೊಂಡಿದ್ದೆವು. ದಾರಿಯಲ್ಲಿ ಮಣ್ಣು ಕುಸಿದು ಮೂರು ಗಂಟೆ ನಿಲ್ಲಬೇಕಾದಾಗ ಮುಂದಿನ ಗಾಡಿಯ ಕುಟುಂಬವೊಂದು ಅಂದಿನ ಸಂಜೆಯ ವಿಮಾನ ತಪ್ಪುತ್ತದೆಂದು ಫೋನು ಹಿಡಿದು ಒದ್ದಾಡುತ್ತಿತ್ತು. ನಮ್ಮ ವಿಮಾನ ಮರುದಿನ ಮಧ್ಯಾಹ್ನಕ್ಕಿತ್ತು. ತಾಯಿಯವರು ಗಾಡಿಯಿಂದಿಳಿದು, ತೀಸ್ತಾ ಕಾಣುವ ಕಲ್ಲುಕಟ್ಟೆಯ ಮೇಲೆ ಕುಳಿತು, ಅವಲಕ್ಕಿಯ ಡಬ್ಬಿಯನ್ನು ತೆರೆದರು.