ಅಂಗೈ ಒಣಗಿತು, ಬೆನ್ನು ಒದ್ದೆಯಾಯಿತು

ದಾವಣಗೆರೆಯ ಚೌಕಿಪೇಟೆ ಹತ್ತಿರ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಹೆಚ್ಚಾಗಿ ಬ್ಲೌಸ್ ಕೆಲಸ. ಚಿಕ್ಕಂದಿನಿಂದ ಅಂಗೈ ಬೆವರುತ್ತಿತ್ತು. ಬರೀ ಪಸೆ ಅಲ್ಲ, ಕೈ ಇಳಿಬಿಟ್ಟರೆ ಬೆರಳ ತುದಿಯಿಂದ ಹನಿ ಬೀಳುತ್ತಿತ್ತು. ಡಿಸೆಂಬರ್ ಚಳಿಯಲ್ಲೂ ಅಷ್ಟೇ. ನಿದ್ದೆ ಹತ್ತಿದರೆ ಮಾತ್ರ ನಿಲ್ಲುತ್ತಿತ್ತು. ಒಬ್ಬರ ಮದುವೆ ರೇಷ್ಮೆ ಬ್ಲೌಸ್ ಮೇಲೆ ನನ್ನ ಹೆಬ್ಬೆರಳಿನ ಕಲೆ ಕೂತು, ಬಟ್ಟೆಯ ದುಡ್ಡು ನಾನೇ ಕೊಡಬೇಕಾಯಿತು.

ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿ ಇತ್ತು. ಅಲ್ಯೂಮಿನಿಯಂ ಕ್ಲೋರೈಡ್ ಲೋಷನ್ ರಾತ್ರಿ ಹಚ್ಚಿದೆ, ಚರ್ಮ ಉರಿದದ್ದೇ ಬಂತು. ಆಮೇಲೆ ನೀರಿನ ತಟ್ಟೆಯಲ್ಲಿ ಕೈ ಇಟ್ಟು ಸಣ್ಣಗೆ ಕರೆಂಟ್ ಹಾಯಿಸುವ ಮಿಷನ್. ವಾರಕ್ಕೆ ಮೂರು ಸಲ, 20 ನಿಮಿಷ. ಸುಳ್ಳು ಯಾಕೆ ಹೇಳಲಿ, ಅದರಿಂದ ಗುಣ ಕಂಡಿತು. ಆದರೆ ಬಿಟ್ಟರೆ ಮತ್ತೆ ಶುರು. ಬೊಟಾಕ್ಸ್ ಇಂಜೆಕ್ಷನ್ ಕೆಲವೇ ತಿಂಗಳ ಮಾತು, ಖರ್ಚೂ ಜಾಸ್ತಿ. ಬೇಸತ್ತು ಆಪರೇಷನ್‌ಗೆ ಒಪ್ಪಿದೆ.

ಬೆವರಿಸುವ ನರ ಎದೆಗೂಡಿನ ಒಳಗೆ, ಬೆನ್ನುಮೂಳೆ ಪಕ್ಕದಲ್ಲಿ ಇಳಿದು ಬರುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು, ಕಂಕುಳಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ. ಆ ಕಡೆಯ ಶ್ವಾಸಕೋಶ ಸ್ವಲ್ಪ ಹೊತ್ತು ಕುಗ್ಗಿಸಿ, ನನಗೆ ಮೂರನೇ ಪಕ್ಕೆಲುಬಿನ ಮೇಲೆ ನರ ಕತ್ತರಿಸಿದರು. ಆಮೇಲೆ ಇನ್ನೊಂದು ಕಡೆ. ತೀರಾ ಮೇಲಿನ ನರಕ್ಕೆ ಪೆಟ್ಟಾದರೆ ಕಣ್ಣಿನ ರೆಪ್ಪೆ ಜೋತುಬೀಳುವ ಅಪಾಯ ಇದೆಯಂತೆ. ಎಚ್ಚರವಾದ ತಕ್ಷಣ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡೆ. ಬೆಚ್ಚಗಿತ್ತು! ನನ್ನ ಕೈ ಬೆಚ್ಚಗಿದ್ದದ್ದು ನನಗೆ ನೆನಪೇ ಇರಲಿಲ್ಲ. ಕೆಲವು ದಿನ ಜೋರಾಗಿ ಉಸಿರೆಳೆದರೆ ಎದೆ ಚುಚ್ಚುತ್ತಿತ್ತು.

ಏಪ್ರಿಲ್ ಬಂತು ನೋಡಿ. ಹೊಲಿಗೆ ಮಿಷನ್ ಮುಂದೆ ಕೂತರೆ ಬೆನ್ನು, ಹೊಟ್ಟೆ, ತೊಡೆ ಎಲ್ಲ ತೊಪ್ಪೆ. ನಮ್ಮೂರ ಬಿಸಿಲು ಗೊತ್ತಲ್ವಾ? ಮಂಡಕ್ಕಿ ಮಿರ್ಚಿ ತಿಂದರಂತೂ ಹಣೆಯಿಂದಲೂ ನೀರು. ಬೇರೆ ಕಡೆ ಬೆವರು ಹೆಚ್ಚಾಗುತ್ತದೆ ಅಂತ ಡಾಕ್ಟರು ಹೇಳಿದ್ದರು, ಆದರೆ ಒಂದೇ ಮಾತಿನಲ್ಲಿ ಮುಗಿಸಿದ್ದರು. ನಾನೂ ಸುಮ್ನೆ ತಲೆಯಾಡಿಸಿ ಸಹಿ ಹಾಕಿದ್ದೆ. ಇದು ಬಹಳ ಜನಕ್ಕೆ ಆಗುತ್ತದೆ, ಕತ್ತರಿಸಿದ ನರವನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಕರೆಂಟ್ ಮಿಷನ್‌ನಲ್ಲೇ ಸುಧಾರಿಸುವವರು ಅಲ್ಲೇ ನಿಲ್ಲುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನನಗೆ ರೇಷ್ಮೆಯೇ ಅನ್ನ, ಹಾಗಾಗಿ ಪಶ್ಚಾತ್ತಾಪ ಇಲ್ಲ. ಅಂಗಡಿಯಲ್ಲಿ ಎರಡು ಅಂಗಿ ಇಟ್ಟುಕೊಂಡಿರುತ್ತೇನೆ.

ಈಗಿನ ತಕರಾರು ಬೇರೆ. ಅಂಗೈ ಎಷ್ಟು ಒಣಗಿದೆ ಅಂದರೆ ರೇಷ್ಮೆ ಎಳೆ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆ ಬಟ್ಟೆ ಮುಟ್ಟುವ ಮುಂಚೆ, ಹಳೇ ಅಭ್ಯಾಸದಂತೆ, ಮತ್ತೆ ಕೈ ಒರೆಸಿಕೊಳ್ಳುತ್ತೇನೆ.