ಬಾಡಿ ಮೊದಲು, ಎಂಜಿನ್ ಆಮೇಲೆ: ಮೇಜಿನ ಮೇಲೊಂದು ಜಾಗ್ವಾರ್ ಇ-ಟೈಪ್

ಹಳೆಯ ಸ್ಪೋರ್ಟ್ಸ್ ಕಾರುಗಳ ಮಾಡೆಲ್ ಕಟ್ಟಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಜಾಗ್ವಾರ್ ಇ-ಟೈಪ್. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಜಗತ್ತಿನ ಮುಂದೆ ಬಂದ ಕಾರು ಇದು. ಈಗ ಜಾಗ್ವಾರ್ ನಮ್ಮ ಟಾಟಾ ಸಮೂಹದ ಕೈಯಲ್ಲೇ ಇದೆ, 2008ರಿಂದ. ಆದರೆ ಇ-ಟೈಪ್ ಆರಿಸಲು ಅದು ಕಾರಣ ಅಲ್ಲ. ಕಾರಣ ಅದರ ಮೈ. ಅದನ್ನು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಂಪನಿಯಿಂದ ಬಂದವರು, ಗಾಳಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕಿ ಒಂದೊಂದು ಬಾಗನ್ನೂ ಗೆರೆ ಎಳೆದವರು. ಮೂತಿಯಿಂದ ಹಿಂದಿನ ದೀಪದವರೆಗೆ ಬೆಳಕು ಎಲ್ಲೂ ತಡವರಿಸದೆ ಹರಿದು ಹೋಗಬೇಕು. ಮಾಡೆಲ್‌ನಲ್ಲಿ ಅದು ಸಾಧ್ಯವಾಗುವುದು ಬಣ್ಣ ಸರಿ ಕೂತರೆ ಮಾತ್ರ.

ಅದಕ್ಕೇ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮಾಡೆಲ್ ಕಟ್ಟಲು ಸಿಗುವ ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ಜೊತೆ ಬರುವ ಸೂಚನೆ ಹಾಳೆ ಎಂಜಿನ್‌ನಿಂದ ಶುರು ಮಾಡಿ ಅನ್ನುತ್ತದೆ. ನೀವು ಬಾಡಿಯಿಂದ ಶುರು ಮಾಡಿ. ಬಾಡಿಯ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಆ ಹೊತ್ತಿನಲ್ಲಿ ಎಂಜಿನ್, ಸೀಟು, ಚಕ್ರ ಎಲ್ಲ ನಿಧಾನಕ್ಕೆ ಮುಗಿಸಬಹುದು. ತಿರುಗಾ ಮುರುಗಾ ಮಾಡಿದರೆ ಕೊನೆಗೆ ಎಲ್ಲ ಸಿದ್ಧವಾಗಿ ಕೂತಿರುತ್ತದೆ, ಹಸಿ ಬಣ್ಣದ ಮೇಲೆ ಕೈ ಇಡುವ ಅವಸರ ಶುರುವಾಗುತ್ತದೆ.

ಕಿಟ್ ಮತ್ತು ಅಳತೆ

1:24 ಅಳತೆ ತಗೊಳ್ಳಿ, ಅಂದರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು. ನಿಜವಾದ ಕಾರಿನ ಉದ್ದ ಸುಮಾರು 4.45 ಮೀಟರ್, ಅಂದರೆ ಮಾಡೆಲ್ ಹದಿನೆಂಟೂವರೆ ಸೆಂಟಿಮೀಟರ್. ಕೈಯಲ್ಲಿ ಹಿಡಿದು ಕೆಲಸ ಮಾಡಲು ಹಿತವಾದ ಗಾತ್ರ. ರೆವೆಲ್ ಕಂಪನಿ ಈ ಅಳತೆಯಲ್ಲಿ ಇ-ಟೈಪ್ ಕಿಟ್ ಮಾಡುತ್ತದೆ, ನೂರಕ್ಕೂ ಜಾಸ್ತಿ ಬಿಡಿಭಾಗ ಇರುತ್ತವೆ. 1:8ರ ದೊಡ್ಡ ಕಿಟ್ ಕೂಡ ಇದೆ, ನೋಡಲು ಚೆಂದ, ಆದರೆ ಮೊದಲನೆಯದಕ್ಕೆ ಬೇಡ. ಇಂಥ ಕಿಟ್ ಬೆಳಗಾವಿಯ ಆಟಿಕೆ ಅಂಗಡಿಗಳಲ್ಲಿ ಹುಡುಕುವ ಬದಲು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ಸುಲಭ.

ಕಿಟ್ ಬಂದ ಮೇಲೆ ಯಾವ ಕಾರನ್ನು ಕಟ್ಟುತ್ತೀರಿ ಅಂತ ತೀರ್ಮಾನಿಸಿ. ಸುಮ್ನೆ 'ಒಂದು ಇ-ಟೈಪ್' ಅಂದರೆ ಆಗುವುದಿಲ್ಲ. 1961ರಿಂದ 1964ರವರೆಗೆ 3.8 ಲೀಟರ್ ಎಂಜಿನ್, ಆಮೇಲೆ 4.2. ಮೊದಲ ಕೆಲವು ನೂರು ಕಾರುಗಳಲ್ಲಿ ಬಾನೆಟ್ ಲಾಕ್ ಹೊರಗಡೆ ಇತ್ತು. 1967ರ ಹೊತ್ತಿಗೆ ಹೆಡ್‌ಲೈಟ್ ಮೇಲಿನ ಗಾಜಿನ ಮುಚ್ಚಳ ಹೋಯಿತು. ಡ್ಯಾಶ್‌ಬೋರ್ಡ್, ಸೀಟು, ಬಣ್ಣ ಎಲ್ಲ ವರ್ಷದ ಜೊತೆ ಬದಲಾಗುತ್ತವೆ. ನಿಮ್ಮ ಕಿಟ್ ಯಾವ ವರ್ಷದ ಕಾರನ್ನು ನೋಡಿ ಮಾಡಿದ್ದು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಅದೇ ವರ್ಷದ ಕಾರಿನ ಫೋಟೋಗಳನ್ನು ಸೇರಿಸಿ, ಎಂಜಿನ್ ಕೋಣೆಯದು ಮುಖ್ಯವಾಗಿ. ಆದಷ್ಟು ಹಳೆಯ ಫೋಟೋ ಇರಲಿ. ಈಗ ಪ್ರದರ್ಶನಕ್ಕೆ ತರುವ ಕಾರುಗಳನ್ನು ಮಾಲೀಕರು ಕಾರ್ಖಾನೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಹೊಳಪು ಮಾಡಿಸಿರುತ್ತಾರೆ.

ಬಾಡಿಯ ಕೆಲಸ

ಬಿಡಿಭಾಗಗಳು ಅಂಟಿಕೊಂಡೇ ಬರುವ ಎಲ್ಲ ಪ್ಲಾಸ್ಟಿಕ್ ಫ್ರೇಮ್‌ಗಳನ್ನೂ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡಿ. ಚೂಪಾದ ಕಟ್ಟರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಬ್ಲೇಡ್‌ನಿಂದ ಸವರಿ ತೆಗೆಯಿರಿ.

ಈಗ ಬಾಡಿಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲಿನಷ್ಟು ಸಣ್ಣ ಗೆರೆ ಕಾಣುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ನಿಜವಾದ ಕಾರಿನಲ್ಲಿ ಆ ಗೆರೆ ಇಲ್ಲ. 800ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಆಮೇಲೆ 1000, ನೀರು ಹಾಕಿ ಮೆಲ್ಲಗೆ ಉಜ್ಜಿ. ಈ ಪೇಪರ್‌ಗಳು ವಾಹನದ ಪೇಂಟ್ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತವೆ, ಡೆಂಟಿಂಗ್-ಪೇಂಟಿಂಗ್ ಗ್ಯಾರೇಜ್‌ನವರು ಬಳಸುವುದೂ ಇದನ್ನೇ.

ಬಾಗಿಲು, ಡಿಕ್ಕಿಯ ಸುತ್ತ ಇರುವ ಸಂದಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಮೂರು ನಾಲ್ಕು ಸಲ ಎಳೆದು ಸ್ವಲ್ಪ ಆಳ ಮಾಡಿ. ಬಣ್ಣ ಹಿಡಿಯಲು ಕೆಳಗೆ ಹೊಡೆಯುವ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಅಂತ ಇಷ್ಟೊಂದು ಪದರ ಬಂದು ಕೂತರೆ ಆಳವಿಲ್ಲದ ಗೆರೆ ಮುಚ್ಚಿಹೋಗುತ್ತದೆ, ಬಾಗಿಲು ಬರೀ ಚಿತ್ರ ಬರೆದ ಹಾಗೆ ಕಾಣುತ್ತದೆ. ಇ-ಟೈಪ್‌ನ ಬಾನೆಟ್ ಬಗ್ಗೆ ಇನ್ನೊಂದು ಎಚ್ಚರ: ಮುಂದಿನ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಒಂದು ತುಂಡು, ಮುಂದಕ್ಕೆ ಬಾಗಿ ತೆರೆಯುತ್ತದೆ. ಬಣ್ಣ ಬಳಿಯುವ ಮುಂಚೆಯೇ ಅದನ್ನು ಬಾಡಿಗೆ ಜೋಡಿಸಿ ನೋಡಿ, ಟೇಪ್ ಹಚ್ಚಿ ನಿಲ್ಲಿಸಿ, ಸಂದು ಎರಡೂ ಕಡೆ ಸಮ ಇದೆಯಾ ಅಂತ ಪರೀಕ್ಷಿಸಿ. ಬರಿ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕೂತರೆ ಬಣ್ಣದ ನಂತರ ಕೂರುವುದೇ ಇಲ್ಲ. ಅಂಚನ್ನು ಈಗಲೇ ಒಂಚೂರು ಉಜ್ಜಿಬಿಡಿ.

ಬಣ್ಣ, ಮತ್ತು ನಮ್ಮ ಊರುಗಳ ಹವೆ

ಮೊದಲ ಮಾಡೆಲ್‌ಗೆ ಒಪ್ಪುವುದು ಮೆಟಾಲಿಕ್ ಅಲ್ಲದ ಬಣ್ಣ. ಆ ಕಾಲದ ಕಾರುಗಳಿಗೆ ಕಾರ್ಮೆನ್ ರೆಡ್, ಕ್ರೀಮ್, ಬ್ರಿಟಿಷ್ ರೇಸಿಂಗ್ ಗ್ರೀನ್ ಇದ್ದವು. ಕಪ್ಪು ಬೇಡ, ಅದರಲ್ಲಿ ಒಂದು ಧೂಳಿನ ಕಣವೂ ಅಡಗುವುದಿಲ್ಲ. ನನ್ನ ಆಯ್ಕೆ ಹಸಿರು. ಅದಕ್ಕೆ ಕಾರಣ 77 ಆರ್‌ಡಬ್ಲ್ಯೂ ಅನ್ನುವ ನಂಬರಿನ ಕಾರು. ಜಿನೀವಾದಲ್ಲಿ ಇ-ಟೈಪ್ ಓಡಿಸಿ ನೋಡಲು ಜನ ಮುಗಿಬಿದ್ದಾಗ, ಇನ್ನೊಂದು ಕಾರು ತಕ್ಷಣ ಬೇಕು ಅಂತ ಜಾಗ್ವಾರ್ ಮುಖ್ಯಸ್ಥ ವಿಲಿಯಂ ಲೈಯನ್ಸ್ ಹೇಳಿ ಕಳಿಸಿದರು. ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್ ಇಂಗ್ಲೆಂಡಿನ ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಬೆಳಿಗ್ಗೆ ತಲುಪಿದ್ದು ಇದೇ ಹಸಿರು ಬಣ್ಣದ, ಮೇಲ್ಛಾವಣಿ ಬಿಚ್ಚುವ ಕಾರಿನಲ್ಲಿ. ಅದೇ ಮೇಳದಲ್ಲಿ ಇದ್ದ 9600 ಎಚ್‌ಪಿ ಬೂದು ಬಣ್ಣದ ಕೂಪೆ, ಅಂದರೆ ಗಟ್ಟಿ ಛಾವಣಿಯ ಕಾರು, ಮೆಟಾಲಿಕ್. ಅದನ್ನು ಕಟ್ಟುವುದಾದರೆ ಪೇಂಟಿನಲ್ಲಿ ಹೊಳೆಯುವ ಕಣ ತೀರಾ ನುಣ್ಣಗಿರಬೇಕು. ದೊಡ್ಡ ಕಾರಿನ ಪೇಂಟನ್ನೇ ತಂದು ಹೊಡೆದರೆ ಕಣಗಳು 24 ಪಟ್ಟು ದಪ್ಪ ಕಾಣುತ್ತವೆ, ಅಲ್ವಾ?

ಏರ್‌ಬ್ರಷ್ (ಪೆನ್ನಿನಂತೆ ಹಿಡಿಯುವ ಸಣ್ಣ ಸ್ಪ್ರೇ ಗನ್) ಇದ್ದರೆ ಒಳ್ಳೆಯದು, 0.3 ಮಿಲಿಮೀಟರ್ ನಾಝಲ್ ಸಾಕು. ಒತ್ತಡ 15ರಿಂದ 20 ಪಿಎಸ್‌ಐ. ಕಪ್‌ನ ಗೋಡೆಗೆ ಪೇಂಟ್ ಸವರಿದಾಗ ಅದು ಸರಾಗವಾಗಿ ಇಳಿದು ತೆಳು ಪದರ ಬಿಡಬೇಕು, ಅಷ್ಟು ತಿನ್ನರ್ ಹಾಕಿ. ಇದನ್ನು ಕಣ್ಣಾರೆ ಕಲಿಯಬೇಕಾ? ಗಣೇಶ ಚೌತಿಗೆ ಮುಂಚೆ ಬೆಳಗಾವಿಯಲ್ಲಿ ಮೂರ್ತಿ ಮಾಡುವವರ ಶೆಡ್‌ಗೆ ಹೋಗಿ ನಿಲ್ಲಿ. ಮೂರ್ತಿಯ ಕೆನ್ನೆಗೆ, ಪೀತಾಂಬರದ ಮಡಿಕೆಗೆ ಅವರು ಸ್ಪ್ರೇ ಹೊಡೆಯುವಾಗ ಕೈ ಒಂದೇ ಕಡೆ ನಿಲ್ಲುವುದಿಲ್ಲ, ಗನ್ ಮೂರ್ತಿಯ ಆಚೆ ಶುರುವಾಗಿ ಈಚೆ ಮುಗಿಯುತ್ತದೆ. ಕಾರಿಗೂ ಅದೇ ರೀತಿ.

ಮೊದಲು ಬೂದು ಪ್ರೈಮರ್, ಕೆಂಪು ಅಥವಾ ಕ್ರೀಮ್ ಆದರೆ ಬಿಳಿ ಪ್ರೈಮರ್. ಒಣಗಿದ ಮೇಲೆ 1000ರ ಪೇಪರ್‌ನಲ್ಲಿ ಸವರಿ. ಆಮೇಲೆ ಬಣ್ಣ. ಮೊದಲ ಪದರ ಬರೀ ಮಂಜು ಬಿದ್ದ ಹಾಗೆ, ಕೆಳಗಿನ ಪ್ರೈಮರ್ ಕಾಣುತ್ತಲೇ ಇರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು. ನಾಲ್ಕೈದು ತೆಳು ಪದರದಲ್ಲಿ ಮುಚ್ಚಬೇಕು, ಎರಡು ದಪ್ಪ ಪದರದಲ್ಲಿ ಅಲ್ಲ. ವಾಹನಕ್ಕೆ ಬಳಸುವ ಎನ್‌ಸಿ ತಿನ್ನರ್ ತುಂಬಾ ಕಟು, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಗೊತ್ತಿಲ್ಲದ ಯಾವ ಪೇಂಟನ್ನೂ ಮೊದಲು ಖಾಲಿ ಫ್ರೇಮ್ ಮೇಲೆ ಹೊಡೆದು ನೋಡಿ. ಕಿಟಕಿ ತೆರೆದಿರಲಿ, ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ತಿನ್ನರ್ ಹೊಗೆ ತಡೆಯುವುದಿಲ್ಲ. ಹತ್ತಿರದಲ್ಲಿ ಗ್ಯಾಸ್ ಒಲೆ ಉರಿಯುತ್ತಿರಬಾರದು.

ಹವೆಯ ವಿಷಯ ಸೂಚನೆ ಹಾಳೆಯಲ್ಲಿ ಬರೆದಿರುವುದಿಲ್ಲ, ನಮಗೆ ಬೇಕಾದದ್ದೇ ಅದು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಲ್ಯಾಕರ್, ಅಂದರೆ ತಿನ್ನರ್ ಆರಿ ಬೇಗ ಒಣಗುವ ಪೇಂಟ್, ಹೊಡೆಯಬೇಡಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅಲ್ಲಿಗೆ ಬಂದು ಕೂತು ಪೇಂಟಿನೊಳಗೇ ಸಿಕ್ಕಿಕೊಳ್ಳುತ್ತದೆ. ಹಸಿರು ಕಾರು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಹಾಗೇನಾದರೂ ಆದರೆ ಗಾಬರಿ ಬೇಡ, ಒಣ ಹವೆ ಇರುವ ದಿನ ರಿಟಾರ್ಡರ್ (ಬೇಗ ಆರದಂತೆ ತಡೆಯುವ ದ್ರವ) ಇರುವ ನಿಧಾನದ ತಿನ್ನರನ್ನು ಮಾತ್ರ ತೆಳ್ಳಗೆ ಹೊಡೆದರೆ ಬಹಳಷ್ಟು ಸಲ ಬಿಳಿ ಹೋಗುತ್ತದೆ. ವಿಜಯಪುರ, ಬಾಗಲಕೋಟೆಯವರ ಕಷ್ಟ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪೇಂಟ್ ಗಾಳಿಯಲ್ಲೇ ಒಣಗಿ ಬಾಡಿ ಮೇಲೆ ಪುಡಿಯಾಗಿ ಬೀಳುತ್ತದೆ, ಕೈ ಆಡಿಸಿದರೆ ಒರಟು. ಅಲ್ಲಿ ಬೆಳ್ಳಂಬೆಳಿಗ್ಗೆ ಹೊಡೆಯಿರಿ, ಅದೇ ನಿಧಾನದ ತಿನ್ನರ್ ಬಳಸಿ, ಎರೆ ಮಣ್ಣಿನ ಧೂಳು ಏಳದಂತೆ ಮೊದಲೇ ನೆಲಕ್ಕೆ ನೀರು ಚಿಮುಕಿಸಿ. ಮೂರೂ ಜಿಲ್ಲೆಗೆ ಒಪ್ಪುವ ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲೇ ಕಿಟ್ ಬಂತು ಅಂದರೆ ಬಾಡಿಯನ್ನು ಉಜ್ಜಿ ಸಿದ್ಧ ಮಾಡಿಟ್ಟು, ಬ್ರಷ್‌ನಲ್ಲಿ ಆಗುವ ಎಂಜಿನ್ ಮತ್ತು ಒಳಗಿನ ಕೆಲಸಕ್ಕೆ ಕೈ ಹಾಕಿ. ನಾನು ಮೊದಲು ಹೇಳಿದ ಕ್ರಮ ಮುರಿಯಲು ಇದೊಂದೇ ಒಪ್ಪುವ ಕಾರಣ.

ಬಣ್ಣದ ಮೇಲೆ ಕ್ಲಿಯರ್, ಮೂರ್ನಾಲ್ಕು ಪದರ. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಮರೆತುಬಿಡಿ. ಗಟ್ಟಿಯಾಯಿತಾ ಅಂತ ಬೆರಳಿಂದ ಮುಟ್ಟಿ ನೋಡಬೇಡಿ, ಮೂಗಿನ ಹತ್ತಿರ ಹಿಡಿಯಿರಿ. ಪೇಂಟಿನ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ವಾಸನೆ ಪೂರ್ತಿ ಹೋದ ಮೇಲೆ 2000, ನಂತರ 3000ರ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿದರೆ ಹೊಳಪು ಹೋಗಿ ಮಬ್ಬಾಗುತ್ತದೆ. ಹಾಗೇ ಆಗಬೇಕು. ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ ಹಳೆಯ ಹತ್ತಿ ಬನಿಯನ್ ಬಟ್ಟೆಯಲ್ಲಿ ತಿಕ್ಕುತ್ತಾ ಹೋದರೆ ಟ್ಯೂಬ್‌ಲೈಟ್‌ನ ಗೆರೆ ಬಾನೆಟ್ ಮೇಲೆ ನೇರವಾಗಿ ಮೂಡುತ್ತದೆ. ಅಂಚುಗಳಲ್ಲಿ, ಮಡ್‌ಗಾರ್ಡಿನ ಉಬ್ಬಿನ ಮೇಲೆ ಪೇಂಟ್ ತೆಳ್ಳಗಿರುತ್ತದೆ, ಉಜ್ಜುವ ಮುಂಚೆ ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿಡಿ, ಇಲ್ಲದಿದ್ದರೆ ಪ್ರೈಮರ್ ಇಣುಕುತ್ತದೆ.

ಎಂಜಿನ್‌ಗೆ ಮೋಟಾರ್ ತಂತಿ

ಇದು ನನಗೆ ತುಂಬಾ ಇಷ್ಟವಾದ ಭಾಗ. ಇ-ಟೈಪ್‌ನ ಬಾನೆಟ್ ಎತ್ತಿದರೆ ಅರ್ಧ ಕಾರೇ ತೆರೆದುಕೊಳ್ಳುತ್ತದೆ, ಏನೂ ಬಚ್ಚಿಡಲು ಆಗುವುದಿಲ್ಲ. ಸಾಲಾಗಿ ಆರು ಸಿಲಿಂಡರ್, ಮೂರು ಎಸ್‌ಯು ಕಾರ್ಬುರೇಟರ್. 3.8ರಲ್ಲಿ ಬ್ಲಾಕ್ ಕಪ್ಪು, ಸಿಲಿಂಡರ್ ಹೆಡ್‌ಗೆ ಚಿನ್ನದ ಬಣ್ಣ, ಮೇಲಿನ ಎರಡು ಕ್ಯಾಮ್ ಕವರ್ ಪಾಲಿಶ್ ಮಾಡಿದ ಅಲ್ಯುಮಿನಿಯಂ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಪ್ಪು ಎನಾಮೆಲ್. ಕ್ಯಾಮ್ ಕವರ್‌ಗೆ ಕ್ರೋಮ್ ಬಳಸಬೇಡಿ, ಅಲ್ಯುಮಿನಿಯಂನ ಹೊಳಪು ಅದಕ್ಕಿಂತ ಮೃದು.

ಡಿಸ್ಟ್ರಿಬ್ಯೂಟರ್‌ನಿಂದ ಒಂದೊಂದು ಸಿಲಿಂಡರಿಗೂ ಕಿಡಿಯ ವಿದ್ಯುತ್ ಒಯ್ಯುವ ಪ್ಲಗ್ ತಂತಿಗಳನ್ನು ನೀವೇ ಎಳೆಯಬೇಕು. ನಿಜವಾದ ಪ್ಲಗ್ ಕೇಬಲ್ ಸುಮಾರು 7 ಮಿಲಿಮೀಟರ್ ದಪ್ಪ, 24ರಿಂದ ಭಾಗಿಸಿದರೆ 0.3ರ ಹತ್ತಿರ ಬರುತ್ತದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 30 ಗೇಜ್ ತಾಮ್ರದ ತಂತಿ ಒಂದು ಮಾರು ಕೇಳಿ. ಅದು 0.31 ಮಿಲಿಮೀಟರ್, ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ನಮ್ಮ ಕಡೆ ಇಂಥ ಅಂಗಡಿ ಇಲ್ಲದ ಊರು ಕಡಿಮೆ. ತಂತಿಯನ್ನು ಪೇಪರ್‌ನಲ್ಲಿ ಸವರಿ ಕಪ್ಪು ಬಳಿಯಿರಿ. ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ 0.4ರ ಡ್ರಿಲ್ ಬಿಟ್‌ನಿಂದ, ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿಯುವ ಹಿಡಿ) ಕೈಯಿಂದ ತಿರುಗಿಸುತ್ತಾ, ಸುತ್ತ ಆರು, ನಡುವೆ ಒಂದು ತೂತು ಮಾಡಿ. ನಡುವಿನದು ಕಾಯಿಲ್‌ಗೆ ಹೋಗುತ್ತದೆ. ಉಳಿದ ಆರನ್ನು ಮನಸ್ಸಿಗೆ ಬಂದ ಹಾಗೆ ಜೋಡಿಸಬೇಡಿ: ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಕ್ರಮ, 1-5-3-6-2-4, ಮತ್ತು ಜಾಗ್ವಾರ್‌ನವರ ಒಂದನೇ ಸಿಲಿಂಡರ್ ಹಿಂದೆ, ಡ್ರೈವರ್ ಕಡೆಗೆ ಇರುತ್ತದೆ. ಆ ಕ್ರಮದಲ್ಲಿ ತಂತಿ ಹೋದರೆ ಮೆಕ್ಯಾನಿಕ್ ಒಬ್ಬ ಬಂದು ಬಗ್ಗಿ ನೋಡಿದಾಗ ತಲೆ ಆಡಿಸುತ್ತಾನೆ.

ಒಳಗಡೆ ಜಾಸ್ತಿ ಹೇಳುವುದಿಲ್ಲ. ಸೀಟಿಗೆ ಮಂಕು ಬಣ್ಣ ಬಳಿಯಿರಿ, ಚರ್ಮ ಪ್ಲಾಸ್ಟಿಕ್ಕಿನಂತೆ ಹೊಳೆಯುವುದಿಲ್ಲ. ಮೀಟರ್‌ಗಳ ಡಿಕಾಲ್ (ತೆಳು ಅಂಟುಚಿತ್ರ) ಕೂರಿಸಿ ಮೇಲೆ ಒಂದೊಂದು ಹನಿ ಕ್ಲಿಯರ್ ಬಿಟ್ಟರೆ ಗಾಜು ಇದ್ದಂತೆ ಕಾಣುತ್ತದೆ.

ಚಕ್ರ, ಕ್ರೋಮ್, ಗಾಜು

ಸ್ಪೋಕ್ ಚಕ್ರಗಳು ಕಿಟ್‌ನಲ್ಲಿ ಕ್ರೋಮ್ ಹಚ್ಚಿಯೇ ಬರಬಹುದು. ಆ ಕ್ರೋಮ್ ದಪ್ಪ, ಸ್ಪೋಕ್‌ಗಳ ನಡುವಿನ ಸಂದು ಮುಚ್ಚಿಕೊಂಡಿರುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಮುಳುಗಿಸಿಟ್ಟರೆ ಕ್ರೋಮ್ ಬಿಡುತ್ತದೆ. ಕೈಗವಸು ಹಾಕಿಕೊಳ್ಳಿ. ಚೆನ್ನಾಗಿ ತೊಳೆದು ಬೆಳ್ಳಿ ಬಣ್ಣ ಹೊಡೆದು, ತುಂಬಾ ತೆಳು ಮಾಡಿದ ಕಪ್ಪನ್ನು ಬ್ರಷ್‌ನಿಂದ ಸಂದಿಗೆ ಹರಿಯಬಿಡಿ. ಆಳ ಬರುತ್ತದೆ. ಟೈರ್ ಹೊಸದಾಗಿ ಹೊಳೆಯುತ್ತಿದ್ದರೆ ನೆಲ ತಾಗುವ ಭಾಗವನ್ನು 400ರ ಪೇಪರ್ ಮೇಲೆ ಒಂದು ಸುತ್ತು ಉರುಳಿಸಿ.

ವಿಂಡ್‌ಶೀಲ್ಡ್ ಫ್ರೇಮ್‌ಗೆ ಕ್ರೋಮ್ ಪೆನ್ ಸಾಕು. ಬಂಪರ್ ತರಹದ ಕ್ರೋಮ್ ಭಾಗ ಅಂಟಿಸುವ ಕಡೆ ಕ್ರೋಮ್ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಸಿಮೆಂಟ್, ಅಂದರೆ ಮಾಡೆಲ್ ಅಂಟು, ಹಿಡಿಯುವುದಿಲ್ಲ, ಅದು ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬೆಸೆಯುವುದು. ಗಾಜಿಗೆ ಮಾತ್ರ ಫೆವಿಕ್ವಿಕ್ ಮುಟ್ಟಿಸಲೇಬೇಡಿ. ಅದರ ಆವಿ ಸುತ್ತಲೂ ಬಿಳಿ ಮಂಜಾಗಿ ಕೂತುಬಿಡುತ್ತದೆ, ಒರೆಸಿದರೂ ಹೋಗುವುದಿಲ್ಲ. ಬಿಳಿ ಫೆವಿಕಾಲ್ ಹಚ್ಚಿ, ಒಣಗಿದರೆ ಕಾಣುವುದಿಲ್ಲ, ಜಾಸ್ತಿಯಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಹೆಡ್‌ಲೈಟ್‌ನ ಗಾಜಿನ ಮುಚ್ಚಳಕ್ಕೂ ಇದೇ.

ವೈಪರ್ ಕೊನೆಗೆ. ಇ-ಟೈಪ್‌ಗೆ ವೈಪರ್ ಮೂರು, ಸಣ್ಣವು, ಕೈ ತಾಗಿದರೆ ಮುರಿಯುತ್ತವೆ. ಆಮೇಲೆ ನಂಬರ್ ಪ್ಲೇಟ್: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ.

ಡಿಸ್ಪ್ಲೇ ಡಬ್ಬಿಯನ್ನು ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಶೀಟ್ ಕತ್ತರಿಸಿ ಮಾಡಿಸಿಕೊಳ್ಳಬಹುದು. ಬಾನೆಟ್ ಮುಚ್ಚಿ ಅಳತೆ ಕೊಡಬೇಡಿ. ಪೂರ್ತಿ ಎತ್ತಿ ನಿಲ್ಲಿಸಿ, ಉದ್ದ, ಎತ್ತರ ಎರಡನ್ನೂ ಬರೆದುಕೊಂಡು ಹೋಗಿ, ಏಳು ತಂತಿ ಎಳೆದ ಎಂಜಿನ್ ಕಾಣಬೇಕಲ್ಲ. ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ.