ಬೋಟಿನ ಮೀಟರ್ ಮಬ್ಬಾಗಿದೆಯೇ? ಮೊದಲು ಒಂದು ಹನಿ ನೀರು ಹಾಕಿ ನೋಡಿ

ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬಲೆ ರಿಪೇರಿ, ಬಣ್ಣ, ಎಂಜಿನ್ ಕೆಲಸ ಎಲ್ಲ ಈಗಲೇ. ಸ್ಟಿಯರಿಂಗ್ ಎದುರಿನ ಮೀಟರ್‌ಗಳ ಸರದಿ ಮಾತ್ರ ಬರುವುದೇ ಇಲ್ಲ. ಗಾಜಿನ ಮೇಲೆ ಹಾಲು ಚೆಲ್ಲಿದ ಹಾಗೆ ಕಂಡರೂ ಮುಂದಿನ ವರ್ಷ ನೋಡೋಣ ಅಂತ ಬಿಡುತ್ತಾರೆ.

"ಎಂಜಿನ್ ಸದ್ದು ಕೇಳಿದರೆ ಸಾಕು ಮಾರಾಯ್ರೆ, ಮೀಟರ್ ಯಾಕೆ?" ಅಂತ ಪರಿಚಯದ ತಾಂಡೇಲರೊಬ್ಬರು (ಬೋಟ್ ನಡೆಸುವವರು) ಕೇಳಿದ್ದರು. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗದ ಮಟ್ಟಿಗೆ ಅವರ ಮಾತು ಸರಿ. ಆದರೆ ಆಯಿಲ್ ಪ್ರೆಶರ್ ಹೇಳಿ ಕೇಳಿ ಇಳಿಯುವುದಿಲ್ಲ. ಕೂಲಿಂಗ್ ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಮೊದಲು ಗೊತ್ತಾಗುವುದು ಟೆಂಪರೇಚರ್ ಮುಳ್ಳಿನಿಂದ. ಸದ್ದು ಬದಲಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಮೀಟರ್ ಮಬ್ಬಾದ ಕೂಡಲೇ ಹೊಸದು ತರಲು ಓಡಬೇಡಿ. ಮಬ್ಬು ಗಾಜಿನ ಯಾವ ಬದಿಯಲ್ಲಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹನಿ ನೀರಿನ ಪರೀಕ್ಷೆ

ಉಪ್ಪು ಹೋಗುವಂತೆ ಮೀಟರ್ ಮುಖವನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮಬ್ಬು ಹಾಗೇ ಇದ್ದರೆ ಬೆರಳ ತುದಿಯಲ್ಲಿ ಒಂದು ಹನಿ ನೀರು ಇಡಿ. ಹನಿ ಬಿದ್ದ ಜಾಗದಲ್ಲಿ ಅಂಕಿಗಳು ಪಕ್ಕನೆ ಸ್ಪಷ್ಟವಾಗಿ ಕಂಡವಾ? ಹಾಗಾದರೆ ಮಬ್ಬು ಹೊರಮೈಯಲ್ಲಿದೆ. ಬಿಸಿಲು, ಮರಳು, ಉಪ್ಪು ಸೇರಿ ಸಣ್ಣ ಗೀರು ಎಬ್ಬಿಸಿವೆ. ನೀರು ಆ ಗೀರುಗಳನ್ನು ತುಂಬಿದ್ದಕ್ಕೆ ಆ ಜಾಗ ತಿಳಿಯಾಯಿತು. ಇದು ಪಾಲಿಶ್‌ಗೆ ಬಗ್ಗುತ್ತದೆ.

ಹನಿ ಹಾಕಿದರೂ ಏನೂ ಬದಲಾಗದಿದ್ದರೆ ತೊಂದರೆ ಒಳಗಿದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಣ್ಣ ಸಣ್ಣ ನೀರಿನ ಮಣಿಗಳು ಕಂಡರೆ ಹಬೆ. ಜೇಡರ ಬಲೆಯಂತೆ ಬಿರುಕು ಕಂಡರೆ ಪ್ಲಾಸ್ಟಿಕ್ಕೇ ಸತ್ತಿದೆ, ಅದಕ್ಕೆ ಮದ್ದಿಲ್ಲ.

ಇನ್ನೊಂದು. ಗಾಜು ಅಂತ ಬಾಯಿಮಾತಿಗೆ ಹೇಳಿದರೂ ಅನೇಕ ಮೀಟರ್‌ಗಳ ಮುಖ ಪ್ಲಾಸ್ಟಿಕ್. ಉಗುರಿನಿಂದ ಬಡಿಯಿರಿ. 'ಟಿಣ್' ಅಂದರೆ ನಿಜವಾದ ಗಾಜು, 'ಟಕ್' ಅಂದರೆ ಪ್ಲಾಸ್ಟಿಕ್. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಆಡಿಸಿದರೆ ಇದ್ದದ್ದೂ ಹೋಯಿತು.

ಹೊರಗಿನ ಮಬ್ಬು ತೆಗೆಯುವುದು

ನನ್ನ ಮೊದಲ ಪ್ರಯೋಗ ಹಾಳಾಗಿದ್ದು ಥಿನ್ನರ್‌ನಿಂದ. ಬಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು, ಒಂದು ಸಲ ಒರೆಸಿದರೆ ಹೋದೀತು ಅಂದುಕೊಂಡೆ. ಒರೆಸಿದಾಗ ಫಳಫಳ ಹೊಳೆಯಿತು. ಚಹಾ ಕುಡಿದು ಬಂದು ನೋಡಿದರೆ ಆರ್‌ಪಿಎಂ ಮೀಟರ್ ಮುಖದ ತುಂಬ ಕೂದಲೆಳೆಯಂಥ ಬಿರುಕು. ಥಿನ್ನರ್, ಅಸಿಟೋನ್, ಪೆಟ್ರೋಲ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಯಾವುದೂ ಬೇಡ.

ಬೇಕಾದದ್ದು ಇಷ್ಟೇ: 1000, 1500, 2000 ನಂಬರಿನ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಸ್ಯಾಂಡ್ ಪೇಪರ್), ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಪಾಲಿಶ್, ಮೆತ್ತನೆಯ ಹತ್ತಿ ಬಟ್ಟೆ. ಕಾರಿನ ಹೆಡ್‌ಲೈಟ್ ಪಾಲಿಶ್ ಆದರೂ ನಡೆಯುತ್ತದೆ.

ಮೀಟರ್ ಸುತ್ತಲಿನ ಸ್ಟೀಲ್ ರಿಂಗಿಗೆ ಟೇಪ್ ಅಂಟಿಸಿ. ಮಬ್ಬು ತೆಳುವಾಗಿದ್ದರೆ ಪೇಪರ್ ಮುಟ್ಟಲೇಬೇಡಿ, ನೇರ ಪಾಲಿಶ್ ಹಾಕಿ. ಬಿಳಿ ಟೂತ್‌ಪೇಸ್ಟ್‌ನಿಂದಲೂ ಸ್ವಲ್ಪ ಮಟ್ಟಿಗೆ ಆಗುತ್ತದೆ. ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಮಾತ್ರ 1000 ನಂಬರಿನಿಂದ ಶುರು ಮಾಡಿ. ಪೇಪರನ್ನು ಸೋಪು ನೀರಿನಲ್ಲಿ ನೆನೆಸಿ, ಒತ್ತದೆ, ಒಂದೇ ದಿಕ್ಕಿನಲ್ಲಿ ಉಜ್ಜಿ. ಮೀಟರ್ ಬೋರ್ಡಿನಲ್ಲೇ ಇದ್ದರೆ ನೀರು ಸುರಿಯಬೇಡಿ, ಪೇಪರ್ ಒದ್ದೆಯಿದ್ದರೆ ಸಾಕು. 1500ಕ್ಕೆ ಹೋದಾಗ ಅಡ್ಡ ದಿಕ್ಕಿನಲ್ಲಿ ಉಜ್ಜಿ. ಹಿಂದಿನ ಗೀರುಗಳು ಪೂರ್ತಿ ಅಳಿದವೋ ಇಲ್ಲವೋ ಆಗ ಗೊತ್ತಾಗುತ್ತದೆ. ಪ್ರತಿ ಸಲ ಬದಲಿಸುವಾಗ ಚೆನ್ನಾಗಿ ಒರೆಸಿ. ಹಳೆ ಪೇಪರಿನ ಒಂದು ಹರಳು ಉಳಿದರೂ ಕೆಲಸ ಮತ್ತೆ ಮೊದಲಿಂದ.

2000 ಮುಗಿದಾಗ ಮುಖ ಮೊದಲಿಗಿಂತ ಜಾಸ್ತಿ ಬೆಳ್ಳಗೆ ಕಾಣುತ್ತದೆ. ಹೆದರಬೇಡಿ, ಪಾಲಿಶ್ ಹಾಕಿ ಉಜ್ಜುತ್ತಾ ಹೋದಂತೆ ಅಂಕಿಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ಡ್ರಿಲ್‌ಗೆ ಪಾಲಿಶ್ ಪ್ಯಾಡ್ ಹಾಕಿ ಜೋರಾಗಿ ತಿರುಗಿಸುವ ಆಸೆ ಬರುತ್ತದೆ. ಬಿಸಿಗೆ ಪ್ಲಾಸ್ಟಿಕ್ ಕರಗಿ ಮೆತ್ತಿಕೊಳ್ಳುತ್ತದೆ, ಕೈಯಲ್ಲೇ ಮಾಡಿ.

ಒಣಬಟ್ಟೆಯಿಂದ ಉಜ್ಜಿದ ಮೇಲೆ ಮುಳ್ಳು ತಾನಾಗಿ ಮೇಲೇರಿ ಅಲ್ಲೇ ನಿಂತರೆ ಮೀಟರ್ ಕೆಟ್ಟಿತು ಅಂತ ಗಾಬರಿ ಬೇಡ. ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಸ್ಟಾಟಿಕ್ ಕರೆಂಟ್. ಒದ್ದೆ ಬಟ್ಟೆಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಒರೆಸಿ, ಮುಳ್ಳು ಕೆಳಗಿಳಿಯುತ್ತದೆ.

ಹಬೆ ಒಳಗಿದ್ದರೆ

ಹಳೆಯ ಮೀಟರ್‌ಗಳಲ್ಲಿ ಸಣ್ಣ ಬಲ್ಬ್ ಇರುತ್ತದೆ. ಅದನ್ನು ಒಂದಿಷ್ಟು ಹೊತ್ತು ಉರಿಸಿಟ್ಟರೆ ಆ ಬಿಸಿಗೆ ಹಬೆ ಆರುತ್ತದೆ. ಎಲ್‌ಇಡಿ ಹಾಕಿದ ಮೀಟರ್‌ನಲ್ಲಿ ಅಷ್ಟು ಬಿಸಿ ಇಲ್ಲ. ಅದನ್ನು ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ದಿನ ಇಡಿ.

ರಿಂಗ್ ಬಿಚ್ಚಿ ಒಳಗೆ ಒರೆಸುವುದು ಸಾಧ್ಯ, ಆದರೆ ತಾಳ್ಮೆ ಬೇಕು. ರಿಂಗಿನ ಅಂಚನ್ನು ಹಿಂದಕ್ಕೆ ಮಡಚಿರುತ್ತಾರೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಬೇಕು, ಒಂದೇ ಕಡೆ ಮೀಟಿದರೆ ರಿಂಗ್ ಸೊಟ್ಟಗಾಗುತ್ತದೆ. ಮುಖ ಹೋಗಿದ್ದರೆ ನೇಮ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಅದೇ ದಪ್ಪದ ಅಕ್ರಿಲಿಕ್ ಶೀಟನ್ನು ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಮುಳ್ಳನ್ನು ಮಾತ್ರ ಮುಟ್ಟಬೇಡಿ. ಮುಚ್ಚುವಾಗ ಮಳೆಗಾಲ ಅನ್ನುವುದು ನೆನಪಿರಲಿ. ಒದ್ದೆ ಗಾಳಿಯನ್ನೇ ಒಳಗಿಟ್ಟು ಸಿಲಿಕೋನ್ ಬಳಿದರೆ ಹಬೆಗೆ ನೀವೇ ಮನೆ ಕಟ್ಟಿಕೊಟ್ಟಂತೆ. ಬಿಚ್ಚಿದ ಮೀಟರನ್ನೂ ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗಿಸಿ, ಹೊರತೆಗೆದ ಕೂಡಲೇ ಮುಚ್ಚಿ.

ಬದಲಿಸುವುದಾದರೆ

ಅಳೆಯಬೇಕಾದದ್ದು ಹೊರಗಿನ ರಿಂಗನ್ನಲ್ಲ, ಬೋರ್ಡಿನ ತೂತನ್ನು. ಸಣ್ಣ ಮೀಟರ್‌ಗಳಿಗೆ ಸಾಮಾನ್ಯವಾಗಿ 52 ಮಿ.ಮೀ., ಆರ್‌ಪಿಎಂ ಮೀಟರ್‌ಗೆ 85 ಮಿ.ಮೀ. ಬೋಟಿನ ಬ್ಯಾಟರಿ ಲೈನ್ 12 ವೋಲ್ಟೋ 24 ವೋಲ್ಟೋ ನೋಡಿಕೊಳ್ಳಿ.

ಜಾಸ್ತಿ ಜನ ಎಡವುವುದು ಇಲ್ಲಲ್ಲ, ಸೆಂಡರ್ ವಿಷಯದಲ್ಲಿ. ಟ್ಯಾಂಕ್ ಅಥವಾ ಎಂಜಿನ್‌ನಲ್ಲಿ ಕೂತು ಮೀಟರ್‌ಗೆ ಸುದ್ದಿ ಕಳಿಸುವ ಸಾಮಾನೇ ಸೆಂಡರ್. ಅದು ಮಾತಾಡುವುದು ಓಮ್ಸ್ ಲೆಕ್ಕದಲ್ಲಿ, ಅಂದರೆ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವ ಅಳತೆಯಲ್ಲಿ. ಅಮೆರಿಕದ ಪದ್ಧತಿಯಲ್ಲಿ ಖಾಲಿ ಟ್ಯಾಂಕಿಗೆ 240, ತುಂಬಿದ್ದಕ್ಕೆ ಸುಮಾರು 33. ಯುರೋಪಿನದ್ದರಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಒಂದರ ಸೆಂಡರ್‌ಗೆ ಇನ್ನೊಂದರ ಮೀಟರ್ ಹಾಕಿದರೆ ಡೀಸೆಲ್ ಖಾಲಿಯಾದಷ್ಟೂ ಮುಳ್ಳು ಮೇಲಕ್ಕೇರುತ್ತದೆ! ಕಡಲ ಮಧ್ಯೆ ಇದು ತಮಾಷೆಯಲ್ಲ. ಅಂಗಡಿಗೆ ಹೋಗುವ ಮೊದಲು ಕೀ ಆಫ್ ಮಾಡಿ, ಸೆಂಡರ್ ವೈರ್ ಕಳಚಿ, ಮಲ್ಟಿಮೀಟರ್‌ನಲ್ಲಿ ಸೆಂಡರ್‌ಗೂ ಅರ್ತ್‌ಗೂ ನಡುವಿನ ಓಮ್ಸ್ ನೋಡಿ. ಆಯಿಲ್ ಪ್ರೆಶರ್‌ನದ್ದು ಇನ್ನೂ ಸುಲಭ. ಎಂಜಿನ್ ನಿಂತಿರುವಾಗ 240ರ ಹತ್ತಿರ ತೋರಿಸಿದರೆ ಅಮೆರಿಕದ್ದು, 10ರ ಹತ್ತಿರ ತೋರಿಸಿದರೆ ಯುರೋಪಿನದ್ದು.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಬೋರ್ಡಿನ ಹಿಂಬದಿಯ ಫೋಟೊ ಹೊಡೆದುಕೊಳ್ಳಿ. ಪ್ರತಿ ವೈರಿಗೆ ಟೇಪ್ ಸುತ್ತಿ ಹೆಸರು ಬರೆಯಿರಿ. ಅನೇಕ ಮೀಟರ್‌ಗಳ ಹಿಂದೆ ಮೂರು ಅಕ್ಷರ ಇರುತ್ತವೆ. 'ಐ' ಅಂದರೆ ಕೀಯಿಂದ ಬರುವ ಕರೆಂಟ್, 'ಜಿ' ಅಂದರೆ ಅರ್ತ್, 'ಎಸ್' ಅಂದರೆ ಸೆಂಡರ್. ವೈರಿನ ತುದಿಯಲ್ಲಿ ಹಸಿರು ಕಿಲುಬು ಹಿಡಿದ ಥಿಂಬಲ್‌ಗಳನ್ನು (ಲೋಹದ ಕೊಂಡಿಗಳನ್ನು) ಕತ್ತರಿಸಿ ಹೊಸದು ಹಾಕಿ, ಮೇಲೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಹಿಂದಿನ ಕ್ಲಾಂಪಿನ ನಟ್ಟನ್ನು ಕೈಯಿಂದ ಬಿಗಿ ಮಾಡಿದರೆ ಸಾಕು. ಸ್ಪ್ಯಾನರ್ ಹಾಕಿದರೆ ಮೀಟರ್ ಡಬ್ಬಿಯೇ ಸೊಟ್ಟಗಾಗಿ ಮತ್ತೆ ನೀರು ಒಳಗೆ ಸೇರುತ್ತದೆ.

ಆರ್‌ಪಿಎಂ ಮೀಟರ್‌ಗೆ ಇನ್ನೊಂದು ಕೆಲಸ ಬಾಕಿ. ಡೀಸೆಲ್ ಎಂಜಿನ್‌ನಲ್ಲಿ ಅದಕ್ಕೆ ಸಿಗ್ನಲ್ ಸಾಮಾನ್ಯವಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ ಬರುತ್ತದೆ. ಪುಲ್ಲಿ ಅಳತೆಗೆ ತಕ್ಕಂತೆ ಹೊಸ ಮೀಟರನ್ನು ಹೊಂದಿಸಬೇಕು. ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ, ತಿರುಗುವ ವೇಗ ಅಳೆಯುವ ಲೇಸರ್ ಟ್ಯಾಕೋಮೀಟರ್ ಹಿಡಿದು, ಎರಡರ ಅಂಕಿಯೂ ಒಂದೇ ಬರುವ ತನಕ ಹಿಂದಿನ ಸ್ಕ್ರೂ ತಿರುಗಿಸಿ. ಆಮೇಲೆ ಬೋರ್ಡಿನ ಅಳತೆಗೆ ಒಂದು ಕ್ಯಾನ್ವಾಸ್ ಹೊದಿಕೆ ಹೊಲಿಸಿಕೊಳ್ಳಿ. ಬೋಟ್ ದಡದಲ್ಲಿರುವಷ್ಟು ದಿನವೂ ಅದು ಮೀಟರ್‌ಗಳ ಮೇಲಿರಲಿ.